ಕೆಮ್ಮಿಗೆ ಸೊಪ್ಪು ಕೀಳುವ ಮುನ್ನ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ. ಮಲೆನಾಡಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿರುವ ಸಹೋದರರೊಬ್ಬರು ನನ್ನ ದವಾಖಾನೆಗೆ ಬಂದರು. ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಸೊಪ್ಪಿನ ಕಟ್ಟು.

“ಡಾಕ್ಟರ್ ಸಾಬ್, ಅಮ್ಮಿಗೆ ಇಪ್ಪತ್ತು ದಿನದಿಂದ ಕೆಮ್ಮು. ಮೊಬೈಲಿಗೆ ಒಂದು ವಿಡಿಯೋ ಬಂತು. ಜಂಗ್ಲಿ ತಂಬಾಕು ಅಂತ ಒಂದು ಗಿಡ, ಅದರ ಎಲೆ ಕುದಿಸಿ ಕುಡಿದರೆ ಎದೆಯ ಕಫವೆಲ್ಲ ಕರಗುತ್ತದಂತೆ. ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಅದು ಬೇಕಾದಷ್ಟಿದೆ. ನಾಲ್ಕು ಎಲೆ ತಂದು ಒಣಗಿಸಲು ಇಟ್ಟಿದ್ದೆವು. ಮುಟ್ಟಿದರೆ ಸಾಕು, ಮನೆಯವರಿಗೆಲ್ಲ ಸೀನೋ ಸೀನು. ಅದಕ್ಕೇ ನಿಮಗೆ ಒಮ್ಮೆ ತೋರಿಸೋಣ ಅಂತ ತಂದೆ.”

ಕಟ್ಟು ಬಿಚ್ಚಿ ನೋಡಿದೆ. ಮೊಬೈಲಿನಲ್ಲಿದ್ದ ವಿಡಿಯೋವನ್ನೂ ನೋಡಿದೆ. ವಿಡಿಯೋದ ಗಿಡಕ್ಕೆ ಹಳದಿ ಹೂ. ಅವರು ತಂದಿದ್ದಕ್ಕೆ ಬಿಳಿ ಹೂ. “ಹೂವಿನ ಬಣ್ಣ ಬೇರೆ ಇದೆಯಲ್ಲ?” ಎಂದು ಕೇಳಿದೆ. “ಊರು ಬೇರೆ, ಬಣ್ಣವೂ ಸ್ವಲ್ಪ ಬೇರೆ ಇರಬಹುದು ಅಂದುಕೊಂಡೆ” ಎಂದರು.

ಅವರು ತಂದಿದ್ದು ವಿಷದ ಗಿಡ. ಅಲ್ಲಾಹನ ಕೃಪೆಯಿಂದ ಆ ಸೀನು ಅವರ ಮನೆಯನ್ನು ಕಾಪಾಡಿತು.

ಓದುಗರೇ, ಇಂತಹ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಗಿಡಮೂಲಿಕೆಯಿಂದ ಲಾಭವಿಲ್ಲ ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ನಾನು ಕಲಿತದ್ದೂ ಬದುಕುತ್ತಿರುವುದೂ ಗಿಡಮೂಲಿಕೆಯಿಂದಲೇ. ಆದರೆ ಎಲೆ ಕೀಳುವ ಮೊದಲು ಎರಡು ಗುರುತು ತಿಳಿದಿರಬೇಕು. ಒಂದು, ಗಿಡದ ಗುರುತು. ಇನ್ನೊಂದು, ಕಾಯಿಲೆಯ ಗುರುತು. ಎರಡರಲ್ಲಿ ಯಾವುದು ತಪ್ಪಿದರೂ ಮದ್ದು ಮದ್ದಾಗಿ ಉಳಿಯುವುದಿಲ್ಲ.

ವಿಡಿಯೋದಲ್ಲಿದ್ದ ಗಿಡ

ಆ ಗಿಡದ ಸಸ್ಯಶಾಸ್ತ್ರೀಯ ಹೆಸರು ವರ್ಬಾಸ್ಕಮ್ ಥಾಪ್ಸಸ್. ಇಂಗ್ಲಿಷಿನಲ್ಲಿ ಮಲೀನ್ ಎನ್ನುತ್ತಾರೆ. ಅರಬಿ ವೈದ್ಯ ಗ್ರಂಥಗಳಲ್ಲಿ ಈ ಜಾತಿಯ ಗಿಡಕ್ಕೆ ‘ಬೂಸೀರ್’ ಎಂಬ ಹೆಸರಿದೆ. ಉತ್ತರ ಭಾರತದ ಬೆಟ್ಟದ ಜನ ಇದನ್ನು ‘ಬನ್ ತಂಬಾಕು’, ‘ಗೀದಡ್ ತಂಬಾಕು’ ಎಂದೆಲ್ಲ ಕರೆಯುತ್ತಾರೆ. ಎಲೆ ನೋಡಲು ಹೊಗೆಸೊಪ್ಪಿನಂತೆ ಅಗಲವಾಗಿರುವುದರಿಂದ ಈ ಹೆಸರು. ಹೊಗೆಸೊಪ್ಪಿನ ಕುಟುಂಬಕ್ಕೆ ಇದು ಸೇರಿದ್ದಲ್ಲ.

ಇದು ತಂಪು ನಾಡಿನ ಗಿಡ. ಯುರೋಪು, ಉತ್ತರ ಆಫ್ರಿಕ ಮತ್ತು ಏಷ್ಯಾದ ತಂಪು ಪ್ರದೇಶಗಳಲ್ಲಿ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಕಾಶ್ಮೀರ, ಹಿಮಾಚಲ ಪ್ರದೇಶ, ಉತ್ತರಾಖಂಡದ ಎತ್ತರದ ಇಳಿಜಾರುಗಳಲ್ಲಿ, ರಸ್ತೆಯ ಬದಿಯ ಕಲ್ಲುಮಣ್ಣಿನಲ್ಲಿ ತಾನಾಗಿ ಹುಟ್ಟುತ್ತದೆ. ಕಾಶ್ಮೀರಕ್ಕೆ ಪ್ರವಾಸ ಹೋದವರು ನೋಡಿರಬಹುದು.

ಗುರುತು ಹೀಗೆ. ಮೊದಲ ವರ್ಷ ಕಾಂಡವಿಲ್ಲ. ನೆಲಕ್ಕೆ ಅಂಟಿದಂತೆ ದೊಡ್ಡ ಎಲೆಗಳು ಸುತ್ತಲೂ ಹರಡಿರುತ್ತವೆ. ಒಂದೊಂದು ಎಲೆ ಒಂದು ಅಡಿಯವರೆಗೂ ಉದ್ದ. ಎಲೆಯ ಎರಡೂ ಬದಿಯಲ್ಲಿ ಬೂದುಬಣ್ಣದ ದಟ್ಟ ರೋಮ. ಮುಟ್ಟಿದರೆ ಕಂಬಳಿಯ ತುಂಡು ಮುಟ್ಟಿದ ಹಾಗೆ. ಎರಡನೆಯ ವರ್ಷ ನಡುವಿನಿಂದ ಒಂದೇ ನೆಟ್ಟನೆಯ ಕಾಂಡ ಆಳೆತ್ತರಕ್ಕೆ ಏಳುತ್ತದೆ. ತುದಿಯಲ್ಲಿ ಜೋಳದ ತೆನೆಯಂತೆ ಒತ್ತಾಗಿ ಐದೆಸಳಿನ ಹಳದಿ ಹೂಗಳು. ಹೂ ಬಿಡುವುದು ಬೇಸಿಗೆಯಲ್ಲಿ. ಎಲೆಯ ಬುಡ ಕಾಂಡಕ್ಕೆ ಅಂಟಿಕೊಂಡು ಕೆಳಕ್ಕೆ ಇಳಿದಿರುತ್ತದೆ. ಎಲೆ ಮುರಿದರೆ ಹಾಲು ಬರುವುದಿಲ್ಲ. ಬೀಜ ಮಾಗಿದ ಮೇಲೆ ಗಿಡ ಸಾಯುತ್ತದೆ.

ಹೂ ಮತ್ತು ಎಲೆಯಲ್ಲಿ ಲೋಳೆಯ ಅಂಶವಿದೆ. ಅದು ಕೆರಳಿದ ಗಂಟಲನ್ನು ತಣಿಸುತ್ತದೆ. ಜೊತೆಗೆ ಸಪೋನಿನ್ ಎಂಬ ನೊರೆಯ ಅಂಶವೂ ಇದೆ. ಅದು ಕಫವನ್ನು ಸಡಿಲಗೊಳಿಸಲು ನೆರವಾಗುತ್ತದೆ. ಯುರೋಪಿನಲ್ಲಿ ಗಂಟಲು ಕೆರೆತ, ಒಣ ಕೆಮ್ಮಿಗೆ ಇದರ ಹೂವಿನ ಚಹಾ ಕುಡಿಯುವ ರೂಢಿ ಬಹಳ ಹಳೆಯದು. ಅಲ್ಲಿ ಅದಕ್ಕಿರುವ ಮನ್ನಣೆ ಮುಖ್ಯವಾಗಿ ಆ ದೀರ್ಘ ಬಳಕೆಯ ಅನುಭವದ ಮೇಲೆ ನಿಂತಿದೆ. ಅಂದರೆ ಇದು ಗಂಟಲಿಗೆ ಹಿತ ಕೊಡುವ ಸೌಮ್ಯವಾದ ಮನೆಮದ್ದು. ವಿಡಿಯೋದಲ್ಲಿ ಹೇಳಿದಂತೆ ಶ್ವಾಸಕೋಶವನ್ನು ತೊಳೆದು ಹೊಸದು ಮಾಡುವ ಪವಾಡವೇನಲ್ಲ.

ನಮ್ಮ ಗುಡ್ಡದ ಕಾಡು ಹೊಗೆಸೊಪ್ಪು

‘ಜಂಗ್ಲಿ ತಂಬಾಕು’ ಎಂಬ ಮಾತನ್ನು ಕನ್ನಡಕ್ಕೆ ತಂದರೆ ‘ಕಾಡು ಹೊಗೆಸೊಪ್ಪು’ ಆಗುತ್ತದೆ. ಅಪಾಯ ಇರುವುದು ಇಲ್ಲೇ. ನಮ್ಮ ಪಶ್ಚಿಮ ಘಟ್ಟದಲ್ಲಿ ಕಾಡು ಹೊಗೆಸೊಪ್ಪು ಎಂಬ ಹೆಸರಿನ ಗಿಡ ನಿಜವಾಗಿಯೂ ಇದೆ. ಅದು ಲೊಬೀಲಿಯ ನಿಕೋಷಿಯಾನಿಫೋಲಿಯ. ಚಿಕ್ಕಮಗಳೂರು, ಕೊಡಗಿನ ಕಡೆಯ ಹುಲ್ಲುಗುಡ್ಡಗಳಲ್ಲಿ, ಘಾಟಿಯ ರಸ್ತೆಯ ಅಂಚಿನಲ್ಲಿ ಕಾಣಿಸುತ್ತದೆ. ಅದಕ್ಕೂ ದೊಡ್ಡ ಎಲೆ, ಅದಕ್ಕೂ ಆಳೆತ್ತರದ ಒಂದೇ ಕಾಂಡ, ತುದಿಯಲ್ಲಿ ಉದ್ದನೆಯ ಹೂಗೊಂಚಲು. ದೂರದಿಂದ ನೋಡಿದವರಿಗೆ ವಿಡಿಯೋದ ಗಿಡವೇ ಇದು ಎನಿಸಿದರೆ ಆಶ್ಚರ್ಯವಿಲ್ಲ.

ಹತ್ತಿರ ಹೋದರೆ ವ್ಯತ್ಯಾಸ ಸ್ಪಷ್ಟ. ಇದರ ಹೂ ಬಿಳಿ, ಬಾಗಿದ ಕೊಳವೆಯಂತೆ, ಎಸಳುಗಳು ಒಂದೇ ಕಡೆಗೆ ಜೋತಿರುತ್ತವೆ. ಎಲೆಯ ಅಂಚಿನಲ್ಲಿ ಸಣ್ಣ ಹಲ್ಲುಗಳಿವೆ, ಕಂಬಳಿಯಂತಹ ರೋಮವಿಲ್ಲ. ಕಾಂಡ ಒಳಗೆ ಟೊಳ್ಳು. ಮುರಿದರೆ ಹಾಲಿನಂತಹ ರಸ ಒಸರುತ್ತದೆ. ಒಣಗಿದ ಗಿಡದ ಪುಡಿ ಮೂಗು, ಗಂಟಲಿಗೆ ತಾಗಿದರೆ ಉರಿ, ಸೀನು.

ಇದರಲ್ಲಿ ಲೊಬೆಲಿನ್ ಎಂಬ ಕ್ಷಾರಾಂಶವಿದೆ. ದೇಹದ ಮೇಲೆ ಅದು ನಿಕೋಟಿನ್ ರೀತಿಯಲ್ಲೇ ಕೆಲಸ ಮಾಡುತ್ತದೆ. ಹೆಚ್ಚಾಗಿ ಹೊಟ್ಟೆಗೆ ಹೋದರೆ ವಾಂತಿ, ಬೆವರು, ನಡುಕ ಶುರುವಾಗಿ ಫಿಟ್ಸ್ ಬರುವ, ಉಸಿರಾಟವೇ ಕುಂದುವ ಸ್ಥಿತಿಗೆ ತಲುಪಬಹುದು. ವಯಸ್ಸಾದವರಿಗೆ, ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ರೈಟರ್ ಸಾಹೇಬರ ಅಮ್ಮಿಗೆ ಎಪ್ಪತ್ತು ದಾಟಿತ್ತು.

ಹಕೀಮರು ಹೆಸರನ್ನಷ್ಟೇ ನಂಬಲಿಲ್ಲ

ಒಂದೇ ಹೆಸರು, ಬೇರೆ ಗಿಡ. ಈ ತೊಂದರೆ ಇಂದಿನದಲ್ಲ. ಯುನಾನಿ ವೈದ್ಯಪದ್ಧತಿ ಗ್ರೀಕರಿಂದ ಅರಬರಿಗೆ, ಪರ್ಷಿಯನ್ನರಿಗೆ, ಅಲ್ಲಿಂದ ಹಿಂದೂಸ್ತಾನಕ್ಕೆ ಬಂದದ್ದು. ಪ್ರತಿ ಗಡಿಯಲ್ಲೂ ಗಿಡದ ಹೆಸರು ಬದಲಾಯಿತು. ಇದರ ಅಪಾಯವನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು.

ಕ್ರಿ.ಶ. 973ರಲ್ಲಿ ಖ್ವಾರಿಜ್ಮ್‌ನಲ್ಲಿ ಹುಟ್ಟಿದ ಅಲ್‌ಬೀರೂನಿ ತನ್ನ ಕೊನೆಗಾಲದಲ್ಲಿ ‘ಕಿತಾಬುಸ್ಸೈದನಾ’ ಎಂಬ ಔಷಧ ಗ್ರಂಥ ರಚಿಸಿದ. ಅದರಲ್ಲಿ ಔಷಧಗಳಿಗೆ ಅರಬಿ, ಗ್ರೀಕ್, ಸಿರಿಯಾಕ್, ಫಾರಸಿ ಮತ್ತು ಭಾರತದ ಭಾಷೆಗಳಲ್ಲಿರುವ ಹೆಸರುಗಳನ್ನು ಒಟ್ಟಿಗೆ ಕೊಡುತ್ತಾನೆ. ಒಂದು ಊರಿನ ಮದ್ದು ಇನ್ನೊಂದು ಊರಿನಲ್ಲಿ ಬೇರೆಯದಾಗಬಾರದು ಎಂಬ ಕಾಳಜಿ ಅಂತಹ ಶ್ರಮದ ಹಿಂದಿದೆ.

ಇನ್ನೊಬ್ಬರು ರಶೀದುದ್ದೀನ್ ಇಬ್ನುಸ್ಸೂರಿ. ಲೆಬನಾನಿನ ಸೂರ್ ಪಟ್ಟಣದವರು, 1242ರಲ್ಲಿ ತೀರಿಕೊಂಡರು. ಇವರು ಗಿಡ ಹುಡುಕಿ ಲೆಬನಾನಿನ ಬೆಟ್ಟಗಳಿಗೆ ಹೋಗುವಾಗ ಬಣ್ಣಗಳ ಸಮೇತ ಒಬ್ಬ ಚಿತ್ರಕಾರನನ್ನು ಕರೆದುಕೊಂಡು ಹೋಗುತ್ತಿದ್ದರು. ಒಂದೇ ಗಿಡವನ್ನು ಮೊಳಕೆಯ ಕಾಲದಲ್ಲಿ ಒಮ್ಮೆ, ಬೆಳೆದು ಬೀಜ ಕಟ್ಟಿದಾಗ ಒಮ್ಮೆ, ಒಣಗಿದಾಗ ಇನ್ನೊಮ್ಮೆ ಬರೆಸುತ್ತಿದ್ದರು. ಓದುವವನು ಯಾವ ಹಂತದಲ್ಲಿ ಗಿಡವನ್ನು ಕಂಡರೂ ಗುರುತು ಹಿಡಿಯಬೇಕು ಎಂಬುದು ಅವರ ಉದ್ದೇಶ. ಈ ವಿಷಯವನ್ನು ಇಬ್ನ್ ಅಬೀ ಉಸೈಬಿಅ ತಮ್ಮ ವೈದ್ಯರ ಚರಿತ್ರೆಯಲ್ಲಿ ದಾಖಲಿಸಿದ್ದಾರೆ.

ಎಂಟು ಶತಮಾನಗಳ ಹಿಂದೆ ಒಬ್ಬ ಹಕೀಮರು ಒಂದು ಗಿಡವನ್ನು ಮೂರು ಸಲ ನೋಡಿ ಬರೆಸಿದರು. ನಾವು ಅರ್ಧ ನಿಮಿಷದ ವಿಡಿಯೋ ನೋಡಿ ಎಲೆ ಕೀಳುತ್ತಿದ್ದೇವೆ.

ಕಾಶ್ಮೀರದಿಂದ ತಂದಿದ್ದರೆ

ಕಾಶ್ಮೀರದಲ್ಲಿ ಈ ಗಿಡವನ್ನು ಚೆನ್ನಾಗಿ ಬಲ್ಲವರು ಕೊಟ್ಟ ಒಣಗಿದ ಮಲೀನ್ ನಿಮ್ಮ ಮನೆಯಲ್ಲಿದ್ದರೆ ಹೀಗೆ ಬಳಸಿ. ಎಲೆಗಿಂತ ಹೂ ಒಳ್ಳೆಯದು. ಒಂದು ಚಹಾ ಚಮಚ ಒಣ ಹೂವನ್ನು ಒಂದು ಲೋಟ ಕುದಿಯುವ ನೀರಿಗೆ ಹಾಕಿ ಮುಚ್ಚಿ. ಹತ್ತು ನಿಮಿಷ ಬಿಟ್ಟು ಸೋಸಿ. ಸೋಸುವುದು ಬಹಳ ಮುಖ್ಯ. ಚಹಾದ ಜಾಲರಿ ಸಾಲದು, ತೆಳ್ಳನೆಯ ಮಲ್ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕು. ಗಿಡದ ರೋಮಗಳು ನೀರಿನಲ್ಲಿ ಉಳಿದರೆ ಗಂಟಲಿಗೆ ಚುಚ್ಚಿ ಕೆಮ್ಮು ಹೆಚ್ಚುತ್ತದೆ. ದಿನಕ್ಕೆ ಎರಡು ಮೂರು ಸಲ, ನಾಲ್ಕೈದು ದಿನ ಸಾಕು. ಹನ್ನೆರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಬೇಡ.

ಬೀಜವನ್ನು ಎಂದೂ ಬಳಸಬೇಡಿ. ಹಿಂದಿನವರು ಇದರ ಬೀಜವನ್ನು ಅರೆದು ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುತ್ತಿದ್ದರು. ಎಲೆಯನ್ನು ಸುತ್ತಿ ಬೀಡಿಯಂತೆ ಸೇದಿದರೆ ದಮ್ಮು ಹೋಗುತ್ತದೆ ಎಂದು ಹೇಳುವವರೂ ಇದ್ದಾರೆ. ಅದನ್ನು ನಂಬಬೇಡಿ. ಯಾವ ಎಲೆಯ ಹೊಗೆಯೇ ಆಗಲಿ, ಕೆಮ್ಮುವ ಎದೆಗೆ ಹಾನಿಯೇ.

ನಮ್ಮ ಬೇಲಿಯಲ್ಲೇ ಇರುವ ಆಡುಸೋಗೆ

ಕಾಶ್ಮೀರದ ಗಿಡ ನಮ್ಮಲ್ಲಿ ಸಿಗದು ಎಂದು ಬೇಸರ ಬೇಡ. ಕಫದ ಕೆಮ್ಮಿಗೆ ಅದಕ್ಕಿಂತ ಬಲವಾದ ಗಿಡವನ್ನು ಅಲ್ಲಾಹನು ನಮ್ಮ ಬೇಲಿಯಲ್ಲೇ ಇಟ್ಟಿದ್ದಾನೆ. ಅದು ಆಡುಸೋಗೆ. ಉರ್ದುವಿನಲ್ಲಿ ಅಡೂಸಾ ಅಥವಾ ಬಾಂಸಾ, ಮಲಯಾಳದಲ್ಲಿ ಆಡಲೋಟಗಂ, ಸಂಸ್ಕೃತದಲ್ಲಿ ವಾಸಾ. ಯುನಾನಿಯ ಹಲವು ಕೆಮ್ಮಿನ ಶರಬತ್ತುಗಳಿಗೆ ಇದರ ಎಲೆ ಸೇರುತ್ತದೆ.

ಅಲೋಪಥಿಯೂ ಈ ಗಿಡದ ಋಣದಲ್ಲಿದೆ. ಆಡುಸೋಗೆಯ ಎಲೆಯಲ್ಲಿ ವ್ಯಾಸಿಸಿನ್ ಎಂಬ ಅಂಶವಿದೆ. ಅದರ ರಚನೆಯನ್ನು ಆಧರಿಸಿ ತಯಾರಾದದ್ದೇ ಬ್ರೋಮ್‌ಹೆಕ್ಸಿನ್. ಬ್ರೋಮ್‌ಹೆಕ್ಸಿನ್ ದೇಹದೊಳಗೆ ಆಂಬ್ರಾಕ್ಸಾಲ್ ಆಗಿ ಬದಲಾಗುತ್ತದೆ. ಮೆಡಿಕಲ್ ಅಂಗಡಿಯಿಂದ ತರುವ ಕಫದ ಸಿರಪ್ಪಿನ ಚೀಟಿ ಓದಿ ನೋಡಿ. ಈ ಎರಡರಲ್ಲಿ ಒಂದು ಹೆಸರು ಬಹಳ ಬಾಟಲಿಗಳ ಮೇಲಿರುತ್ತದೆ.

ಗುರುತು ಹೀಗಿದೆ. ಆಳೆತ್ತರದ, ವರ್ಷವಿಡೀ ಹಸಿರಾಗಿರುವ ಪೊದೆ. ಎಲೆಗಳು ಎದುರು ಬದುರಾಗಿ ಜೋಡಿ ಜೋಡಿಯಾಗಿ ಹುಟ್ಟುತ್ತವೆ. ಒಂದು ಎಲೆ ಒಂದು ಗೇಣಿನಷ್ಟು ಉದ್ದ, ನಡುವೆ ಅಗಲ, ಎರಡೂ ತುದಿ ಚೂಪು. ಅಂಚು ನುಣುಪು, ಹಲ್ಲುಗಳಿಲ್ಲ. ಮೇಲೆ ಕಡು ಹಸಿರು, ಕೆಳಗೆ ತಿಳಿ ಹಸಿರು. ಎಲೆ ಹುಟ್ಟುವ ಗಿಣ್ಣು ಸ್ವಲ್ಪ ಉಬ್ಬಿರುತ್ತದೆ. ಕೊಂಬೆಯ ತುದಿಯಲ್ಲಿ ಗಿಡ್ಡನೆಯ ತೆನೆಯಂತೆ ಬಿಳಿ ಹೂಗಳು. ಪ್ರತಿ ಹೂವಿಗೂ ಬಾಯಿ ತೆರೆದಂತೆ ಎರಡು ತುಟಿ, ಕೆಳತುಟಿಯ ಮೇಲೆ ನೇರಳೆ ಗೆರೆಗಳು. ಎಲೆ ಮುರಿದರೆ ಹಾಲು ಬರುವುದಿಲ್ಲ. ನಾಲಿಗೆಗೆ ತಾಗಿದರೆ ಕಡು ಕಹಿ. ಆದರೆ ಕಹಿಯನ್ನು ಗುರುತೆಂದು ನಂಬಿ ಗೊತ್ತಿಲ್ಲದ ಎಲೆಯನ್ನು ಜಗಿದು ನೋಡುವ ಸಾಹಸ ಬೇಡ. ಕಣ್ಣಿನ ಗುರುತುಗಳೆಲ್ಲ ಸರಿಯಾದ ಮೇಲೆ, ಊರಿನಲ್ಲಿ ಈ ಗಿಡವನ್ನು ಬಳಸಿ ಬಲ್ಲ ಹಿರಿಯರಿಗೆ ತೋರಿಸಿ.

ಇಲ್ಲಿಯೂ ಹೆಸರಿನ ಬಲೆ ಇದೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಕಹಿಯ ಕಾರಣ ಆಡುಸೋಗೆಯನ್ನು ಆಡು ಮುಟ್ಟುವುದಿಲ್ಲ ಎಂದು ಅದನ್ನು ‘ಆಡುಮುಟ್ಟದ ಸೊಪ್ಪು’ ಎನ್ನುತ್ತಾರೆ. ಆದರೆ ಇದೇ ಹೆಸರಿನಿಂದ ಇನ್ನೊಂದು ಗಿಡವನ್ನೂ ಕರೆಯುತ್ತಾರೆ. ಅದು ಆಡುಮುಟ್ಟದ ಬಳ್ಳಿ, ಟೈಲೊಫೋರ ಇಂಡಿಕ. ಉಬ್ಬಸಕ್ಕೆ ಅದನ್ನೂ ಮದ್ದಾಗಿ ಬಳಸುವುದುಂಟು, ಆದರೆ ಅದು ವಾಂತಿ ಬರಿಸುವ ಗಿಡ. ಅದರ ಪ್ರಮಾಣ ನಿರ್ಧರಿಸುವುದು ವೈದ್ಯರ ಕೆಲಸ. ನೆನಪಿಡಿ: ಬೇರೊಂದರ ಮೇಲೆ ಹಬ್ಬುವ ಬಳ್ಳಿಯಾದರೆ ಅದು ಆಡುಸೋಗೆಯಲ್ಲ.

ಬೇಲಿಯಲ್ಲಿ ಕಣಗಿಲೆಯೂ ಇರುತ್ತದೆ. ಅದರ ಎಲೆ ಇಕ್ಕಟ್ಟಾಗಿ, ದಪ್ಪವಾಗಿ, ಒಂದು ಗಿಣ್ಣಿನಲ್ಲಿ ಮೂರು ಮೂರಾಗಿ ಇರುತ್ತದೆ. ಹೃದಯವನ್ನೇ ನಿಲ್ಲಿಸುವ ವಿಷ ಅದು. ಉಮ್ಮತ್ತಿಯ ಎಲೆಯ ಅಂಚು ಅಂಕುಡೊಂಕು, ಕಾಯಿಯ ಮೇಲೆ ಮುಳ್ಳು. ಅದೂ ವಿಷ. ಕತ್ತಲಲ್ಲಿ, ಅವಸರದಲ್ಲಿ, ಮಕ್ಕಳ ಕೈಯಿಂದ ಸೊಪ್ಪು ಕೀಳಿಸಬೇಡಿ. ರಸ್ತೆಯ ಪಕ್ಕದ, ಚರಂಡಿಯ ಅಂಚಿನ, ಕೀಟನಾಶಕ ಹೊಡೆದ ತೋಟದ ಎಲೆಯೂ ಬೇಡ.

ಜೋಶಾಂದಾ ಮಾಡುವ ಬಗೆ

ಮೊದಲು ಕೆಮ್ಮು ಯಾವುದು ಎಂದು ನೋಡಿ. ಕಫ ಅಂಟಿಕೊಂಡು, ಎದೆಯಲ್ಲಿ ಗೊರಗೊರ ಎನ್ನುವ ಕೆಮ್ಮಿಗೆ ಆಡುಸೋಗೆ.

ದೊಡ್ಡವರಿಗೆ ನಾಲ್ಕು ಬಲಿತ, ಕಾಯಿಲೆಯಿಲ್ಲದ ಹಸಿರು ಎಲೆ ಸಾಕು. ಮೂರು ನೀರಿನಲ್ಲಿ ತೊಳೆದು ಸಣ್ಣಗೆ ಹೆಚ್ಚಿ. ಎರಡು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಾಗಲಿ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡ. ಸೋಸಿ ಎರಡು ಪಾಲು ಮಾಡಿ ಬೆಳಿಗ್ಗೆ ಒಂದು, ರಾತ್ರಿ ಒಂದು ಪಾಲು ಊಟದ ನಂತರ ಕುಡಿಯಿರಿ. ರಮಝಾನಿನಲ್ಲಾದರೆ ಸಹರಿಗೆ ಒಂದು, ಇಫ್ತಾರಿನ ನಂತರ ಒಂದು. ಪ್ರತಿದಿನ ಹೊಸದಾಗಿ ಮಾಡಿ, ನಿನ್ನೆಯದನ್ನು ಕಾಯಿಸಿ ಕುಡಿಯಬೇಡಿ.

ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಜೇನು ಬೆರೆಸಬಹುದು. ಜೇನಿನಲ್ಲಿರುವ ಶಿಫಾದ ಕುರಿತು ಸೂರಃ ಅನ್ನಹ್ಲ್‌ನಲ್ಲಿ ನಾವು ಓದಿದ್ದೇವೆ. ಕೆಮ್ಮಿಗೆ ಜೇನು ಹಿತವೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸಲೂ ಬಾರದು. ಕೆಲವೊಮ್ಮೆ ಜೇನಿನಲ್ಲಿರುವ ಒಂದು ಬಗೆಯ ರೋಗಾಣು ಎಳೆಗೂಸಿನ ನರಗಳನ್ನು ಸೋಲಿಸುತ್ತದೆ. ಸಕ್ಕರೆ ಕಾಯಿಲೆಯವರು ಜೇನಿಲ್ಲದೆ ಕುಡಿಯಿರಿ.

ಕಫವಿಲ್ಲದೆ ಗಂಟಲು ಕೆರೆದು ಬರುವ ಒಣ ಕೆಮ್ಮಿಗೆ ಆಡುಸೋಗೆ ಅಷ್ಟು ಹೊಂದುವುದಿಲ್ಲ. ಅದಕ್ಕೆ ನಮ್ಮ ಹಕೀಮರ ಹಳೆಯ ಜೋಶಾಂದಾ ಇದೆ: ಬೇಹಿದಾನಾ 3 ಗ್ರಾಂ, ಉನ್ನಾಬ್ 5, ಸಪಿಸ್ತಾನ್ 9. ಸಪಿಸ್ತಾನ್ ಎಂದರೆ ನಮ್ಮ ಚಳ್ಳೆಹಣ್ಣನ್ನು ಒಣಗಿಸಿದ್ದು. ಮೂರೂ ಯುನಾನಿ ಅತ್ತಾರರಲ್ಲಿ, ದೊಡ್ಡ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುತ್ತವೆ. ಒಂದೂವರೆ ಲೋಟ ನೀರಿನಲ್ಲಿ ಕುದಿಸಿದರೆ ಲೋಳೆಯಂತಾಗುತ್ತದೆ. ಸೋಸಿ ಬೆಚ್ಚಗೆ ಕುಡಿಯಿರಿ. ಬೇಹಿದಾನಾ ಬೀಜವನ್ನು ಕುಟ್ಟಬಾರದು, ಇಡಿಯಾಗಿಯೇ ಹಾಕಬೇಕು.

ಮದ್ದಿನ ಜೊತೆಗೆ ಮನೆಯ ಗಾಳಿಯೂ ಸರಿ ಇರಬೇಕು. ಕೆಮ್ಮುವವರಿರುವ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ, ಲೋಬಾನದ ಹೊಗೆ ಕೆಲವು ದಿನ ಬೇಡ. ಕಿಟಕಿ ತೆರೆದಿಡಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು, ಕಂಡಲ್ಲಿ ಉಗುಳದಿರುವುದು ಮನೆಯ ಮಕ್ಕಳನ್ನು ಕಾಪಾಡುತ್ತದೆ.

ಯಾರಿಗೆ ಬೇಡ

ಗರ್ಭಿಣಿಯರು ಆಡುಸೋಗೆಯನ್ನು ಮುಟ್ಟಲೇಬಾರದು. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವ ಗುಣವುಳ್ಳದ್ದು, ಗರ್ಭಪಾತವಾಗಬಹುದು. ಮದುವೆಯಾಗಿ ತಿಂಗಳು ನಿಂತಿದೆಯೋ ಎಂಬ ಅನುಮಾನವಿರುವವರೂ ದೂರವಿರಿ. ಐದು ವರ್ಷದೊಳಗಿನ ಮಕ್ಕಳಿಗೆ ಮನೆಯಲ್ಲಿ ಇದನ್ನು ಕುದಿಸಿ ಕೊಡಬೇಡಿ. ಅದಕ್ಕಿಂತ ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳಿಯೇ ಕೊಡಿ. ‘ಸೊಪ್ಪು ತಾನೇ, ಇನ್ನೆರಡು ಎಲೆ ಹೆಚ್ಚು ಹಾಕೋಣ’ ಎನ್ನುವವರಿಗೆ ವಾಂತಿ, ಭೇದಿ ಶುರುವಾಗುತ್ತದೆ. ಬಿಪಿ, ಹೃದಯ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ನಿಮ್ಮ ವೈದ್ಯರಿಗೆ ಹೇಳಿಯೇ ಶುರು ಮಾಡಿ. ಸೊಪ್ಪು ಕುಡಿಯುತ್ತಿದ್ದೇನೆಂದು ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಅಕಸ್ಮಾತ್ ತಪ್ಪು ಎಲೆ ಹೊಟ್ಟೆಗೆ ಹೋದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ. ಹೊರಡುವಾಗ ಆ ಗಿಡದ ಒಂದು ಕೊಂಬೆಯನ್ನು ಜೊತೆಗೆ ಒಯ್ಯಿರಿ. ಏನು ತಿಂದಿದ್ದಾರೆಂದು ತಿಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಕೆಮ್ಮು ಎಂಬುದೂ ಒಂದು ಹೆಸರು

ಈಗ ಎರಡನೆಯ ಗುರುತಿಗೆ ಬರೋಣ. ‘ಜಂಗ್ಲಿ ತಂಬಾಕು’ ಎಂಬ ಒಂದೇ ಹೆಸರಿನಲ್ಲಿ ಎರಡು ಗಿಡಗಳು ಅಡಗಿದ್ದ ಹಾಗೆಯೇ ‘ಕೆಮ್ಮು’ ಎಂಬ ಒಂದು ಹೆಸರಿನಲ್ಲಿ ಹಲವು ಕಾಯಿಲೆಗಳು ಅಡಗಿವೆ. ನೆಗಡಿಯ ಕೆಮ್ಮು, ಅಲರ್ಜಿಯ ಕೆಮ್ಮು, ದಮ್ಮಿನ ಕೆಮ್ಮು, ನ್ಯುಮೋನಿಯದ ಕೆಮ್ಮು, ಹೊಟ್ಟೆಯ ಹುಳಿ ಮೇಲೇರಿ ಬರುವ ಕೆಮ್ಮು, ಕೆಲವು ಬಿಪಿ ಮಾತ್ರೆಗಳಿಂದ ಬರುವ ಕೆಮ್ಮು, ಹೃದಯ ಸೋತಾಗ ಮಲಗಿದೊಡನೆ ಬರುವ ಕೆಮ್ಮು, ಕ್ಷಯದ ಕೆಮ್ಮು. ಒಂದೇ ಎಲೆ ಇವೆಲ್ಲಕ್ಕೂ ಮದ್ದಾಗಲು ಸಾಧ್ಯವೇ?

ಆದ್ದರಿಂದ ಮನೆಮದ್ದಿಗೆ ಒಂದು ಗಡುವು ಇರಲಿ. ಐದು ದಿನ ಜೋಶಾಂದಾ ಕುಡಿದೂ ಕೆಮ್ಮು ತಗ್ಗದಿದ್ದರೆ ವೈದ್ಯರನ್ನು ಕಾಣಿ. ಎರಡು ವಾರ ದಾಟಿದ ಕೆಮ್ಮಿಗೆ ಮನೆಮದ್ದಿನ ಮಾತೇ ಬೇಡ, ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕ್ಷಯದ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ.

ಕಫದಲ್ಲಿ ರಕ್ತ, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಉಸಿರು ಸಾಲದಿರುವುದು, ಎದೆನೋವು ಇವುಗಳಲ್ಲಿ ಒಂದು ಕಂಡರೂ ಎರಡು ವಾರ ಕಾಯಬೇಡಿ. ರಕ್ತ ಬೀಳುವುದನ್ನು ಆಡುಸೋಗೆ ನಿಲ್ಲಿಸುತ್ತದೆ ಎಂಬ ಹಳೆಯ ನಂಬಿಕೆ ಇದೆ. ಅದನ್ನು ನಂಬಿ ರಕ್ತ ಕಂಡ ಮೇಲೂ ಸೊಪ್ಪು ಕುಡಿಯುತ್ತ ಕೂತವರನ್ನು ನಾನು ನೋಡಿದ್ದೇನೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅವರು ಕಳೆದುಕೊಂಡಿದ್ದ ತಿಂಗಳುಗಳನ್ನು ಯಾರೂ ಮರಳಿ ಕೊಡಲಾಗಲಿಲ್ಲ.

ಮಕ್ಕಳ ವಿಷಯದಲ್ಲಿ ಉಸಿರು ಎಣಿಸಲು ಕಲಿಯಿರಿ. ಮಗು ಶಾಂತವಾಗಿರುವಾಗ ಒಂದು ಪೂರ್ತಿ ನಿಮಿಷ ಎಣಿಸಿ. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಸಲ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ನ್ಯುಮೋನಿಯ ಇರಬಹುದು. ಎಳೆದ ಉಸಿರಿಗೆ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಓಡಿ.

ರೈಟರ್ ಸಾಹೇಬರ ಅಮ್ಮಿಯ ಮಾತು ಹೇಳಿ ಮುಗಿಸುತ್ತೇನೆ. ಸೊಪ್ಪಿನ ಕಟ್ಟನ್ನು ಪಕ್ಕಕ್ಕಿಟ್ಟು, “ಮೊದಲು ಅಮ್ಮಿಯನ್ನು ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿ” ಎಂದೆ. ಅವರ ಮುಖ ಬಾಡಿತು. ಕ್ಷಯ ಎಂದರೆ ಜಮಾಅತಿನವರು, ನೆಂಟರು ಏನೆನ್ನುತ್ತಾರೋ ಎಂಬ ಅಳುಕು. ಆದರೂ ಹೋದರು. ಕಫದಲ್ಲಿ ಕ್ಷಯ ಇತ್ತು. ಅಮ್ಮಿ ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರು. ಮನೆಯಲ್ಲಿದ್ದ ಮೊಮ್ಮಕ್ಕಳ ತಪಾಸಣೆಯೂ ಆಯಿತು. ಈಗ ಅಮ್ಮಿ ಗುಣವಾಗಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ವಿಡಿಯೋದ ಗಿಡವೇ ಅವರ ಗುಡ್ಡದಲ್ಲಿ ಸಿಕ್ಕಿದ್ದರೂ ಈ ಕೆಮ್ಮಿಗೆ ಅದು ಮದ್ದಾಗುತ್ತಿರಲಿಲ್ಲ.

ವೈದ್ಯ ಬಾರದವನು ಚಿಕಿತ್ಸೆ ಮಾಡಿದರೆ ಅದರ ಹೊಣೆ ಅವನದೇ ಎಂಬ ಅರ್ಥದ ಹದೀಸ್ ಇದೆ. ಗೊತ್ತಿಲ್ಲದ ಮದ್ದನ್ನು ಹತ್ತು ಗುಂಪುಗಳಿಗೆ ಕಳಿಸುವ ಮೊದಲು ನಮ್ಮ ಬೆರಳು ಒಂದು ಕ್ಷಣ ತಡೆಯಲಿ. ಕಳಿಸಲೇಬೇಕೆಂದರೆ ಎರಡು ವಾರದ ಕೆಮ್ಮಿಗೆ ಕಫ ಪರೀಕ್ಷೆ ಉಚಿತ ಎಂಬ ಮಾತನ್ನು ಕಳಿಸಿ.

ಇನ್ನು ಆಡುಸೋಗೆ ಬೇಕಿದ್ದವರು ಚೆನ್ನಾಗಿ ಬಲ್ಲವರಿಂದ ಬಲಿತ ಕೊಂಬೆಯೊಂದನ್ನು ಕೇಳಿ ತನ್ನಿ. ಮಳೆಗಾಲದ ಆರಂಭದಲ್ಲಿ ಮಣ್ಣಿಗೆ ಊರಿದರೆ ಸುಲಭವಾಗಿ ಚಿಗುರುತ್ತದೆ. ಮೊದಲ ಚಿಗುರಿನಿಂದ ಹೂವಿನವರೆಗೆ ನೀವೇ ದಿನವೂ ನೋಡಿ ಬೆಳೆಸಿದ ಗಿಡದ ಗುರುತು ತಪ್ಪುವ ಭಯವಿಲ್ಲ. ಮನೆಯ ಮಕ್ಕಳಿಗೂ ತೋರಿಸಿ, ಹೆಸರಿನ ಜೊತೆಗೆ ಎಲೆ, ಗಿಣ್ಣು, ಹೂವನ್ನೂ ಕಲಿಸಿ.